ಭಾರತ ಮಹಿಳಾ ಫುಟ್‌ಬಾಲ್ ತಂಡದ ಪುನಾರಚನೆ (2022–2025)

ಭಾರತ ಮಹಿಳಾ ಫುಟ್‌ಬಾಲ್ ತಂಡದ ಪುನಾರಚನೆ ಎಂಬುದು 2022ರ ಎಎಫ್‌ಸಿ ಮಹಿಳಾ ಏಷ್ಯನ್ ಕಪ್‌ನಿಂದ ಭಾರತ ನಡುವೆಯೇ ಹೊರಬಿದ್ದ ಬಳಿಕ ಆರಂಭವಾಗಿ, 2025ರ ಜುಲೈನಲ್ಲಿ ಮುಂದಿನ ಏಷ್ಯನ್ ಕಪ್‌ಗೆ ತಂಡ ಅರ್ಹತೆ ಪಡೆಯುವುದರೊಂದಿಗೆ ಒಂದು ಘಟ್ಟವನ್ನು ತಲುಪಿದ ಪ್ರಕ್ರಿಯೆಯಾಗಿದೆ. ಈ ಮೂರೂವರೆ ವರ್ಷಗಳಲ್ಲಿ ತರಬೇತುದಾರರು ಪದೇ ಪದೇ ಬದಲಾದರು, ದಕ್ಷಿಣ ಏಷ್ಯಾದಲ್ಲಿ ತಂಡದ ಹಿರಿಮೆ ಕುಗ್ಗಿತು, ಹೊಸ ಆಟಗಾರ್ತಿಯರು ಮುನ್ನೆಲೆಗೆ ಬಂದರು. ತಂಡದ ಅಂತಿಮ ಸಿದ್ಧತೆಯ ಮುಖ್ಯ ಭಾಗ ನಡೆದದ್ದು ಬೆಂಗಳೂರಿನಲ್ಲಿ.

ಹಿನ್ನೆಲೆ

ಭಾರತದ ಮಹಿಳಾ ಫುಟ್‌ಬಾಲ್‌ಗೆ ಹಳೆಯ ಹೆಗ್ಗಳಿಕೆಯೊಂದಿದೆ. 1979–80ರ ಏಷ್ಯನ್ ಚಾಂಪಿಯನ್‌ಷಿಪ್ ಕೇರಳದ ಕಲ್ಲಿಕೋಟೆಯಲ್ಲಿ ನಡೆದಾಗ ಭಾರತ ಎರಡನೆಯ ಸ್ಥಾನ ಪಡೆಯಿತು. 1983ರಲ್ಲಿಯೂ ಅದೇ ಸಾಧನೆ ಪುನರಾವರ್ತನೆಯಾಯಿತು. ಆದರೆ ಏಷ್ಯಾದ ಇತರ ರಾಷ್ಟ್ರಗಳು ಆಟವನ್ನು ವೃತ್ತಿಪರಗೊಳಿಸಿದ ಕಾಲದಲ್ಲಿ ಭಾರತ ಹಿಂದುಳಿಯಿತು. 2003ರ ಬಳಿಕ ತಂಡಕ್ಕೆ ಏಷ್ಯನ್ ಟೂರ್ನಿಯ ಬಾಗಿಲು ಮುಚ್ಚಿತು. ದೀರ್ಘಕಾಲ ಅಂತರರಾಷ್ಟ್ರೀಯ ಪಂದ್ಯಗಳನ್ನೇ ಆಡದ ಕಾರಣ 2009ರಲ್ಲಿ ಫಿಫಾ ಶ್ರೇಯಾಂಕ ಪಟ್ಟಿಯಿಂದಲೂ ಭಾರತದ ಹೆಸರು ಬಿಟ್ಟುಹೋಯಿತು.

2010ರಲ್ಲಿ ಆರಂಭವಾದ ಸ್ಯಾಫ್ ಚಾಂಪಿಯನ್‌ಷಿಪ್ ತಂಡಕ್ಕೆ ಮರುಜೀವ ನೀಡಿತು. ಮೊದಲ ಐದು ಆವೃತ್ತಿಗಳನ್ನೂ ಭಾರತವೇ ಗೆದ್ದಿತು. 2016–17ರಲ್ಲಿ ಭಾರತೀಯ ಮಹಿಳಾ ಲೀಗ್ ಆರಂಭವಾಯಿತು. 2020ರ ಜನವರಿಯಲ್ಲಿ ಮಣಿಪುರದ ಬಾಲಾ ದೇವಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದರು. 2021ರ ನವೆಂಬರ್‌ನಲ್ಲಿ ಬ್ರೆಜಿಲ್ ವಿರುದ್ಧ 1–6ರಿಂದ ಸೋತ ಪಂದ್ಯದಲ್ಲಿ ಪಂಜಾಬಿನ ಮನೀಷಾ ಕಲ್ಯಾಣ್ ಹೊಡೆದ ಏಕೈಕ ಗೋಲು ದೇಶದ ಗಮನ ಸೆಳೆಯಿತು.

2022: ಕೈತಪ್ಪಿದ ಅವಕಾಶ

2022ರ ಏಷ್ಯನ್ ಕಪ್‌ಗೆ ಭಾರತವೇ ಆತಿಥೇಯ ರಾಷ್ಟ್ರವಾಗಿತ್ತು. ಮುಂದಿನ ವರ್ಷದ ವಿಶ್ವಕಪ್‌ನ ಅರ್ಹತೆಯೂ ಇದೇ ಟೂರ್ನಿಯಿಂದ ನಿರ್ಧಾರವಾಗಬೇಕಿತ್ತು. ಸ್ವೀಡನ್ನಿನ ಥಾಮಸ್ ಡೆನರ್ಬಿ ಅವರ ತರಬೇತಿಯಲ್ಲಿ ತಂಡ ಜನವರಿ 20ರಂದು ನವಿ ಮುಂಬೈನಲ್ಲಿ ಇರಾನ್ ವಿರುದ್ಧ ಗೋಲಿಲ್ಲದ ಡ್ರಾ ಸಾಧಿಸಿತು. ಆದರೆ ತಂಡದೊಳಗೆ ಕೋವಿಡ್ ಹರಡಿದ್ದರಿಂದ, ಜನವರಿ 23ರಂದು ಚೈನೀಸ್ ತೈಪೆ ವಿರುದ್ಧದ ಪಂದ್ಯಕ್ಕೆ ಬೇಕಿದ್ದ ಕನಿಷ್ಠ 13 ಆಟಗಾರ್ತಿಯರನ್ನು ಹೊಂದಿಸಲಾಗಲಿಲ್ಲ. ನಿಯಮದಂತೆ ಭಾರತ ಟೂರ್ನಿಯಿಂದ ಹಿಂದೆ ಸರಿದಿದೆ ಎಂದು ಪರಿಗಣಿಸಲಾಯಿತು. ಹಲವು ವರ್ಷಗಳ ಸಿದ್ಧತೆ ಒಂದೇ ಪಂದ್ಯಕ್ಕೆ ಮುಗಿಯಿತು.

ಅದೇ ವರ್ಷ ಇನ್ನೂ ಮೂರು ಹೊಡೆತಗಳು ಬಿದ್ದವು. ಆಗಸ್ಟ್‌ನಲ್ಲಿ ಫಿಫಾ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನನ್ನು ಕೆಲವು ದಿನಗಳ ಮಟ್ಟಿಗೆ ಅಮಾನತುಗೊಳಿಸಿತು. ಇದರಿಂದಾಗಿ ಏಷ್ಯನ್ ಕ್ಲಬ್ ಟೂರ್ನಿಗೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳ ತಂಡ ಆಡದೆ ಹಿಂದಿರುಗಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಸ್ಯಾಫ್ ಸೆಮಿಫೈನಲ್‌ನಲ್ಲಿ ನೇಪಾಳ ಭಾರತವನ್ನು 1–0ರಿಂದ ಸೋಲಿಸಿತು. ಅಕ್ಟೋಬರ್‌ನಲ್ಲಿ ಭುವನೇಶ್ವರದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳಲ್ಲಿ ಭಾರತದ ಬಾಲಕಿಯರು ಅಮೆರಿಕ, ಮೊರಾಕ್ಕೊ ಮತ್ತು ಬ್ರೆಜಿಲ್ ವಿರುದ್ಧ ಒಟ್ಟು 16 ಗೋಲುಗಳನ್ನು ಬಿಟ್ಟುಕೊಟ್ಟು ಒಂದನ್ನೂ ಗಳಿಸಲಿಲ್ಲ.

2023–24: ಅಸ್ಥಿರತೆಯ ಕಾಲ

2023ರ ಏಪ್ರಿಲ್‌ನಲ್ಲಿ ಒಲಿಂಪಿಕ್ ಅರ್ಹತಾ ಸುತ್ತಿನ ಮೊದಲ ಹಂತದಲ್ಲಿ ಭಾರತ ಕಿರ್ಗಿಸ್ತಾನವನ್ನು ಎರಡು ಬಾರಿ ಸುಲಭವಾಗಿ ಮಣಿಸಿತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚೈನೀಸ್ ತೈಪೆ (1–2) ಮತ್ತು ಥಾಯ್ಲೆಂಡ್ (0–1) ಎದುರು ಸೋತಿತು. ಒಲಿಂಪಿಕ್ ಅರ್ಹತೆಯ ಎರಡನೆಯ ಹಂತದಲ್ಲಿ ಜಪಾನ್ (0–7), ವಿಯೆಟ್ನಾಂ (1–3), ಉಜ್ಬೇಕಿಸ್ತಾನ (0–3) ತಂಡಗಳಿಗೆ ಶರಣಾಯಿತು. ದುರ್ಬಲ ತಂಡಗಳ ಮೇಲೆ ಗೋಲಿನ ಸುರಿಮಳೆ, ಪ್ರಬಲ ತಂಡಗಳೆದುರು ಸೋಲು ಎಂಬ ಈ ಕ್ರಮ ತಂಡದ ನಿಜಸ್ಥಿತಿಯನ್ನು ಸೂಚಿಸುತ್ತದೆ.

2024ರ ಫೆಬ್ರವರಿಯಿಂದ 2025ರ ಫೆಬ್ರವರಿವರೆಗಿನ ಒಂದೇ ವರ್ಷದಲ್ಲಿ ಲಾಂಗಮ್ ಚಾವೋಬಾ ದೇವಿ, ಸಂತೋಷ್ ಕಶ್ಯಪ್, ಸ್ವೀಡನ್ನಿನ ಜೋಕಿಮ್ ಅಲೆಕ್ಸಾಂಡರ್ಸನ್ ಮತ್ತು ಕ್ರಿಸ್ಪಿನ್ ಛೆಟ್ರಿ ಎಂಬ ನಾಲ್ವರು ತಂಡದ ಹೊಣೆ ಹೊತ್ತರು. ಪ್ರತಿಯೊಬ್ಬ ತರಬೇತುದಾರರೂ ತಮ್ಮದೇ ಆಯ್ಕೆ ಹಾಗೂ ಆಟದ ಪದ್ಧತಿಯನ್ನು ತರುವುದರಿಂದ ಇಂತಹ ಬದಲಾವಣೆಯ ಭಾರ ಬೀಳುವುದು ಆಟಗಾರ್ತಿಯರ ಮೇಲೆ. ಒಬ್ಬರ ಪಟ್ಟಿಯಲ್ಲಿದ್ದವರು ಮತ್ತೊಬ್ಬರ ಪಟ್ಟಿಯಲ್ಲಿ ಇರುತ್ತಾರೆಂಬ ಭರವಸೆಯಿಲ್ಲ. ಈ ನಡುವೆಯೂ ಚಾವೋಬಾ ದೇವಿ ಅವರ ಕಾಲದಲ್ಲಿ ತಂಡ ಎಸ್ಟೋನಿಯಾವನ್ನು 4–3ರಿಂದ ಸೋಲಿಸಿ, ಟರ್ಕಿಷ್ ಮಹಿಳಾ ಕಪ್‌ನಲ್ಲಿ ಎರಡನೆಯ ಸ್ಥಾನ ಪಡೆಯಿತು. ಆದರೆ 2024ರ ಅಕ್ಟೋಬರ್‌ನಲ್ಲಿ ನೇಪಾಳವು ಪೆನಾಲ್ಟಿ ಶೂಟೌಟ್‌ನಲ್ಲಿ ಭಾರತವನ್ನು ಸ್ಯಾಫ್ ಸೆಮಿಫೈನಲ್‌ನಿಂದ ಮತ್ತೆ ಹೊರಗಟ್ಟಿತು.

ಬೆಂಗಳೂರು ಶಿಬಿರ ಮತ್ತು ಚಿಯಾಂಗ್ ಮಾಯ್

2024ರ ಡಿಸೆಂಬರ್ 30 ಮತ್ತು 2025ರ ಜನವರಿ 2ರಂದು ಬೆಂಗಳೂರಿನ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಭಾರತ ಮಾಲ್ಡೀವ್ಸ್ ವಿರುದ್ಧ 14–0 ಮತ್ತು 11–1ರಿಂದ ಗೆದ್ದಿತು. ಈ ಪಂದ್ಯಗಳ ಮಹತ್ವ ಗೋಲುಗಳ ಸಂಖ್ಯೆಯಲ್ಲಿಲ್ಲ. ಹೊಸಬರಿಗೆ ರಾಷ್ಟ್ರೀಯ ತಂಡದ ಅಂಗಿ ತೊಡುವ ಅವಕಾಶ ದೊರೆತದ್ದರಲ್ಲಿದೆ. ಫೆಬ್ರವರಿಯಲ್ಲಿ ಶಾರ್ಜಾದ ಪಿಂಕ್ ಲೇಡೀಸ್ ಕಪ್‌ನಲ್ಲಿ ಜೋರ್ಡಾನ್ ವಿರುದ್ಧ ಗೆದ್ದ ತಂಡ ರಷ್ಯಾ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಸೋತಿತು. ಆ ಬಳಿಕ ಮೇ ತಿಂಗಳಿಂದ ಬೆಂಗಳೂರಿನಲ್ಲಿ ದೀರ್ಘ ಶಿಬಿರ ನಡೆಯಿತು. ಉಜ್ಬೇಕಿಸ್ತಾನದೊಂದಿಗೆ ಎರಡು ಸೌಹಾರ್ದ ಪಂದ್ಯಗಳನ್ನೂ ಏರ್ಪಡಿಸಲಾಯಿತು.

ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಡೆದ ಅರ್ಹತಾ ಸುತ್ತಿನ ಫಲಿತಾಂಶಗಳು ಹೀಗಿವೆ:

ಜೂನ್ 23: ಮಂಗೋಲಿಯಾ ವಿರುದ್ಧ 13–0
ಜೂನ್ 29: ತಿಮೋರ್–ಲೆಸ್ಟೆ ವಿರುದ್ಧ 4–0
ಜುಲೈ 2: ಇರಾಕ್ ವಿರುದ್ಧ 5–0
ಜುಲೈ 5: ಥಾಯ್ಲೆಂಡ್ ವಿರುದ್ಧ 2–1

ಗುಂಪಿನಿಂದ ಒಂದೇ ತಂಡಕ್ಕೆ ಅವಕಾಶವಿದ್ದುದರಿಂದ ಕೊನೆಯ ಪಂದ್ಯವೇ ನಿರ್ಣಾಯಕವಾಯಿತು. ಶ್ರೇಯಾಂಕದಲ್ಲಿ ಥಾಯ್ಲೆಂಡ್ 46ನೆಯ ಸ್ಥಾನದಲ್ಲಿತ್ತು, ಭಾರತ 70ರಲ್ಲಿತ್ತು. ಆತಿಥೇಯರ ಎದುರು ಬಂಗಾಳದ ಸಂಗೀತಾ ಬಾಸ್ಫೋರ್ ಎರಡೂ ಗೋಲುಗಳನ್ನು ಗಳಿಸಿದರು. ಅರ್ಹತಾ ಸುತ್ತು ಆಡಿ, ಗೆದ್ದು ಭಾರತ ಏಷ್ಯನ್ ಕಪ್ ಪ್ರವೇಶಿಸಿದ್ದು ಇದೇ ಮೊದಲು.

ತಂಡದ ಬೇರುಗಳು

ಈ ಸುತ್ತಿನಲ್ಲಿ ಗೋಲು ಗಳಿಸಿದವರ ತವರು ರಾಜ್ಯಗಳನ್ನು ಗಮನಿಸಿದರೆ ತಂಡದ ಬಲ ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುತ್ತದೆ. ಮಣಿಪುರದ ಐವರು ಈ ಪಟ್ಟಿಯಲ್ಲಿದ್ದಾರೆ. ಉಳಿದವರು ಪಶ್ಚಿಮ ಬಂಗಾಳ, ಒಡಿಶಾ, ಪಂಜಾಬ್, ತೆಲಂಗಾಣ, ತಮಿಳುನಾಡು ಹಾಗೂ ಕೇರಳದವರು. ಮಂಗೋಲಿಯಾ ವಿರುದ್ಧ ಗೋಲು ಹೊಡೆದ ಪಿ. ಮಾಳವಿಕಾ ಗಡಿಜಿಲ್ಲೆ ಕಾಸರಗೋಡಿನವರು. ಶಿಬಿರಕ್ಕೆ ನೆಲೆಯಾದ ಕರ್ನಾಟಕದ ಒಬ್ಬರೂ ಈ ಪಟ್ಟಿಯಲ್ಲಿಲ್ಲ.

ರಾಜ್ಯದಲ್ಲಿ ಕ್ಲಬ್‌ಗಳೇ ಇಲ್ಲವೆಂದಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2022–23ರ ಭಾರತೀಯ ಮಹಿಳಾ ಲೀಗ್‌ನ ಫೈನಲ್ ತಲುಪಿ ಗೋಕುಲಂ ಕೇರಳ ವಿರುದ್ಧ ಸೋತಿತ್ತು. ಆದರೆ ಕ್ಲಬ್ ತನ್ನ ಆಟಗಾರ್ತಿಯರನ್ನು ದೇಶದ ಎಲ್ಲೆಡೆಯಿಂದ ಕರೆತರಬಹುದು. ಜಿಲ್ಲೆಯ ಮಟ್ಟದ ತರಬೇತಿಗೆ ಅದು ಬದಲಿಯಾಗಲಾರದು. ಗದಗ ತಾಲ್ಲೂಕಿನ ಹರ್ತಿಯಂತಹ ಹಳ್ಳಿಯ ಬಾಲಕಿಗೆ ಶಾಲೆಯ ಮೈದಾನವೇ ಮೊದಲ ಮೆಟ್ಟಿಲು. ಎರಡನೆಯ ಮೆಟ್ಟಿಲು ಗದಗ ಅಥವಾ ಹುಬ್ಬಳ್ಳಿಯಲ್ಲಿ ಇರದಿದ್ದರೆ ಬೆಂಗಳೂರಿನ ಕ್ರೀಡಾ ಕೇಂದ್ರ ಎಷ್ಟು ಸುಸಜ್ಜಿತವಾಗಿದ್ದರೂ ಆಕೆಗೆ ನಿಲುಕದು. ಗದಗದವರಾದ ಸುನಿಲ್ ಜೋಶಿ ಭಾರತದ ಪರ ಟೆಸ್ಟ್ ಕ್ರಿಕೆಟ್ ಆಡಿದ್ದು ಈ ಭಾಗದಲ್ಲಿ ಪ್ರತಿಭೆಗೆ ಕೊರತೆಯಿಲ್ಲ ಎಂಬುದನ್ನು ತೋರಿಸುತ್ತದೆ. ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ಬೇಕಿರುವುದು ಹತ್ತಿರದ ಮೈದಾನ, ತರಬೇತುದಾರರು ಮತ್ತು ವರ್ಷವಿಡೀ ನಡೆಯುವ ಪಂದ್ಯಗಳು.

ವಿಶ್ಲೇಷಣೆ

ಎರಡು ದೊಡ್ಡ ಟೂರ್ನಿಗಳ ನಡುವಿನ ಅವಧಿಯಲ್ಲಿ ತಂಡವನ್ನು ಕಟ್ಟುವುದು ಕೇವಲ ಆಯ್ಕೆಯ ಪ್ರಶ್ನೆಯಲ್ಲ. ಕ್ಲಬ್ ಪಂದ್ಯಗಳು ಎಷ್ಟು ನಡೆಯುತ್ತವೆ, ಆಟದಿಂದ ಜೀವನ ಸಾಗುತ್ತದೆಯೇ, ಕಿರಿಯರ ಸಾಲು ಸಿದ್ಧವಿದೆಯೇ ಎಂಬ ಮೂರೂ ಇದರಲ್ಲಿ ಸೇರುತ್ತವೆ. 2022–23ರವರೆಗೆ ಒಂದೇ ಊರಿನಲ್ಲಿ ಕೆಲವು ವಾರಗಳಲ್ಲಿ ಮುಗಿಯುತ್ತಿದ್ದ ಲೀಗ್ 2023–24ರಲ್ಲಿ ಮೊದಲ ಬಾರಿಗೆ ತವರು ಮತ್ತು ಎದುರಾಳಿಯ ಅಂಗಳಗಳಲ್ಲಿ ನಡೆಯಿತು. ಆ ವರ್ಷ ಒಡಿಶಾ ಎಫ್‌ಸಿಯನ್ನು ಚಾಂಪಿಯನ್ ಮಾಡಿದ ಕ್ರಿಸ್ಪಿನ್ ಛೆಟ್ರಿ ಅವರೇ ಮುಂದೆ ರಾಷ್ಟ್ರೀಯ ತಂಡದ ಹೊಣೆ ವಹಿಸಿಕೊಂಡದ್ದು ಆಕಸ್ಮಿಕವಲ್ಲ. ಲೀಗ್‌ನ ಆಟಗಾರ್ತಿಯರನ್ನು ಅವರು ಹತ್ತಿರದಿಂದ ಬಲ್ಲವರಾಗಿದ್ದರು. ಕ್ಲಬ್‌ಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವಾರ್ಷಿಕ 3.2 ಲಕ್ಷ ರೂಪಾಯಿ ನೀಡಬೇಕೆಂದು ಫೆಡರೇಷನ್ 2023ರಲ್ಲಿ ಪ್ರಕಟಿಸಿತು. ಮೊತ್ತ ದೊಡ್ಡದಲ್ಲದಿದ್ದರೂ ಆಟವೂ ಒಂದು ದುಡಿಮೆ ಎಂಬುದಕ್ಕೆ ಇದರಿಂದ ಮನ್ನಣೆ ಸಿಕ್ಕಿತು.

ಕಿರಿಯರ ಸಾಲಿನಲ್ಲಿಯೂ ಬೆಳವಣಿಗೆ ಕಂಡಿದೆ. 2025ರ ಆಗಸ್ಟ್‌ನಲ್ಲಿ 20 ವರ್ಷದೊಳಗಿನವರ ತಂಡ ಮ್ಯಾನ್ಮಾರನ್ನು ಸೋಲಿಸಿ ಎರಡು ದಶಕಗಳ ಬಳಿಕ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ತಂಡವೂ ಉಜ್ಬೇಕಿಸ್ತಾನವನ್ನು ಮಣಿಸಿ ಅದೇ ದಾರಿ ಹಿಡಿಯಿತು.

2026ರ ಮಾರ್ಚ್‌ನ ಆಸ್ಟ್ರೇಲಿಯಾ ಟೂರ್ನಿಗೆ ಭಾರತ ಜಪಾನ್, ವಿಯೆಟ್ನಾಂ ಮತ್ತು ಚೈನೀಸ್ ತೈಪೆಗಳ ಗುಂಪಿನಲ್ಲಿ ಸ್ಥಾನ ಪಡೆಯಿತು. ಈ ಮೂರೂ ತಂಡಗಳು 2023ರಲ್ಲಿ ಭಾರತವನ್ನು ಸೋಲಿಸಿದ್ದವು. 2027ರ ಬ್ರೆಜಿಲ್ ವಿಶ್ವಕಪ್‌ಗೆ ಏಷ್ಯಾದ ಆರು ನೇರ ಸ್ಥಾನಗಳು ಇದೇ ಟೂರ್ನಿಯಿಂದ ನಿರ್ಧಾರವಾಗಬೇಕಿತ್ತು. ಆದರೆ ಪುನಾರಚನೆಯ ಯಶಸ್ಸನ್ನು ಒಂದು ಟೂರ್ನಿಯ ಫಲಿತಾಂಶದಿಂದ ಮಾತ್ರ ಅಳೆಯಲಾಗದು. ಟೂರ್ನಿ ಮುಗಿದ ಮರುದಿನ ಲೀಗ್, ಶಿಬಿರ ಮತ್ತು ಶಾಲಾ ಮೈದಾನಗಳು ಮುಂದುವರಿಯುತ್ತವೆಯೇ ಎಂಬುದೇ ಅದರ ನಿಜವಾದ ಅಳತೆಗೋಲು. 2003 ಮತ್ತು 2022ರ ಬಳಿಕ ತಂಡ ಎಡವಿದ್ದು ಆ ಹಂತದಲ್ಲಿಯೇ.