ಅವತಾರಕ್ಕೆ ಅಳತೆ ಹಾಕುವವರು ಯಾರು?

“ಕಂಪ್ಯೂಟರಿನ ಮಾಯಾಸಭೆಯಲ್ಲಿ ಮೇಲುಕೀಳಿಲ್ಲ, ಯಾರು ಬೇಕಾದರೂ ತಮಗೊಪ್ಪಿದ ರೂಪ ತೊಟ್ಟು ಸರಿಸಮನಾಗಿ ಕೂರಬಹುದು” ಎಂದು ಕೆಲವು ಮಹಾಶಯರು ಸಾರುತ್ತಿದ್ದಾರೆ. ಕೇಳುವುದಕ್ಕೇನೋ ಇಂಪಾಗಿದೆ. ನಾನು ಮಾತ್ರ ಒಪ್ಪಲಾರೆ.

ಕಣ್ಣಿಗೆ ದಪ್ಪ ಕನ್ನಡಕದಂಥ ಯಂತ್ರವನ್ನು ಕಟ್ಟಿಕೊಂಡರೆ, ಬೇರೆ ಬೇರೆ ಊರುಗಳಲ್ಲಿರುವವರು ಒಂದೇ ಮೇಜಿನ ಸುತ್ತ ಕುಳಿತಂತೆ ಕಾಣುವ ಏರ್ಪಾಟು ಇದು. ಅಲ್ಲಿ ನಮ್ಮ ಬದಲಿಗೆ ಕೂರುವ ಗೊಂಬೆಗೆ ‘ಅವತಾರ’ವೆಂದು ಹೆಸರು. ಶಬ್ದ ನಮ್ಮದೇ, 1980ರ ದಶಕದಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯವರು ‘ಹ್ಯಾಬಿಟಾಟ್’ ಎಂಬ ಆಟದಲ್ಲಿ ಅದನ್ನು ಬಳಸಿದರು. ಶಬ್ದ ಹೋಯಿತು, ಅರ್ಥ ಇಲ್ಲೇ ಉಳಿಯಿತು. ಪುರಾಣದಲ್ಲಿ ರೂಪವನ್ನು ಗೊತ್ತುಮಾಡಿದ್ದು ಕೆಲಸ: ಪ್ರಳಯಕ್ಕೆ ಮತ್ಸ್ಯ, ಭೂಮಿಯನ್ನೆತ್ತಲು ವರಾಹ. ಇಲ್ಲಿ ಗೊತ್ತುಮಾಡುವುದು ಕಂಪೆನಿ.

“ಗೊಂಬೆಯ ಆಕಾರದಿಂದ ಆಗುವುದೇನು?” ಎಂದು ಕೇಳುವವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಿಕ್ ಯೀ ಮತ್ತು ಜೆರೆಮಿ ಬೈಲೆನ್‌ಸನ್ 2007ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಲಿ. ಕೆಲವರಿಗೆ ಎದುರಿನವನಿಗಿಂತ 10 ಸೆಂಟಿಮೀಟರ್ ಎತ್ತರದ ಅವತಾರ, ಕೆಲವರಿಗೆ ಅಷ್ಟೇ ಗಿಡ್ಡನೆಯದು. ಯಾರಿಗೆ ಯಾವುದೆಂಬುದು ಚೀಟಿ ಎತ್ತಿದಂತೆ. ಬಳಿಕ 100 ಡಾಲರನ್ನು ಪಾಲು ಮಾಡಿಕೊಳ್ಳುವ ಆಟ. ಎತ್ತರದವರು ತಮ್ಮ ಕಡೆಗೆ ಹೆಚ್ಚು ಎಳೆದುಕೊಂಡರು. ಎದುರಿನವನು “ನನಗೆ 75, ನಿನಗೆ 25” ಎಂದಾಗ ಒಪ್ಪಿಕೊಂಡವರಲ್ಲಿ ಗಿಡ್ಡ ಅವತಾರದವರೇ ಹೆಚ್ಚು. ಸೋಜಿಗವೆಂದರೆ, ಎದುರಿನವನ ಕಣ್ಣಿಗೆ ಆ ಎತ್ತರದ ಅಂತರ ಕಾಣದಂತೆ ಏರ್ಪಡಿಸಿದ್ದರು. ಯಾರೂ ಅವರನ್ನು ಹೆದರಿಸಲಿಲ್ಲ. ಗೊಂಬೆಯ ಅಳತೆಗೆ ತಾವೇ ಕುಗ್ಗಿದರು.

ವಾಚಕರೇ ಹೇಳಲಿ: ಸಂಬಳದ ಮಾತು, ಕೆಲಸದ ಹಂಚಿಕೆ, ತಪ್ಪು ಯಾರದೆಂಬ ವಿಚಾರಣೆ ಇಂಥ ಸಭೆಯಲ್ಲಿ ನಡೆದರೆ, ಗೊಂಬೆಗೆ ಅಳತೆ ಹಾಕಿದವನು ಬರಿಯ ಚಿತ್ರಗಾರನೇ? ಬಾಯಿ ತೆರೆಯುವ ಮುನ್ನವೇ ಯಾರು ಬಾಗಬೇಕೆಂಬುದರಲ್ಲಿ ಅವನ ಕೈವಾಡವಿದೆ.

“ವಾಮನನೂ ಗಿಡ್ಡನೇ, ಮೂರು ಲೋಕವನ್ನು ಅಳೆಯಲಿಲ್ಲವೇ?” ಎಂದು ಯಾರಾದರೂ ಹಾಸ್ಯ ಮಾಡಿಯಾರು. ಅಳೆದದ್ದು ಬೆಳೆದ ಮೇಲೆ, ಸ್ವಾಮಿ! ಗಿಡ್ಡನಾಗಿದ್ದಾಗ ಬೇಡಿದನಷ್ಟೆ. ಬೆಳೆಯುವ ಅಧಿಕಾರ ಅವನ ಕೈಯಲ್ಲೇ ಇತ್ತು. ಗುಮಾಸ್ತನ ಕೈಯಲ್ಲಿ ಇದೆಯೇ?

ಫೇಸ್‌ಬುಕ್ ಸಂಸ್ಥೆ 2021ರಲ್ಲಿ ‘ಮೆಟಾ’ ಎಂದು ಹೆಸರು ಬದಲಿಸಿ ತನ್ನ ಮಾಯಾಲೋಕವನ್ನು ತೆರೆದಾಗ ಅಲ್ಲಿನ ಅವತಾರಗಳಿಗೆ ಕಾಲಿರಲಿಲ್ಲ. ಜನ ನಕ್ಕರು. 2022ರಲ್ಲಿ ಕಾಲು ಕೊಡುವುದಾಗಿ ಸಂಸ್ಥೆ ಸಾರಿತು. ಕಾಲಿನ ಈ ಗದ್ದಲದಲ್ಲಿ ತಲೆಯ ಎತ್ತರವನ್ನು ವಿಚಾರಿಸಿದವರೆಷ್ಟು ಮಂದಿ?

ನನ್ನ ಬೇಡಿಕೆ ದೊಡ್ಡದಲ್ಲ. ಮುಖ, ಮೈಬಣ್ಣ, ಉಡುಪು ಅವರವರ ಇಷ್ಟಕ್ಕಿರಲಿ. ಆದರೆ ಕೆಲಸದ ಸಭೆಯಲ್ಲಿ ಎಲ್ಲ ಅವತಾರಗಳ ಕಣ್ಣೂ ಒಂದೇ ಮಟ್ಟದಲ್ಲಿರಲಿ. ಮೇಲಧಿಕಾರಿಯಾದರೂ ತನ್ನ ಗೊಂಬೆಗೆ ಒಂದಂಗುಲ ಸೇರಿಸಿಕೊಳ್ಳದಿರಲಿ. ಹುಟ್ಟಿನಿಂದ ಬಂದ ಎತ್ತರವನ್ನು ನಾವು ತಿದ್ದಲಾರೆವು. ಕೈಯಾರೆ ಮಾಡುವ ಗೊಂಬೆಗೆ ಆ ನೆಪವಿಲ್ಲ.