ಭಾನುವಾರ ಖೋ ಖೋ ಬೇಡ

ಹೋದ ಸಲ ನಮ್ಮ ಗೋಡೆಪತ್ರಿಕೆಯಲ್ಲಿ ಆಟದ ಬಗ್ಗೆ ಒಂದು ಲೇಖನ ಬಂದಿತ್ತು. ಆಟದ ಮೇಲೆ ನಿಜವಾದ ಪ್ರೀತಿ ಇರುವವರು ಅಭ್ಯಾಸ ತಪ್ಪಿಸುವುದಿಲ್ಲ ಎಂದು ಅದರಲ್ಲಿತ್ತು. ಅದು ನನಗೆ ಸರಿ ಅನ್ನಿಸಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಖೋ ಖೋ ತಂಡದಲ್ಲಿದ್ದೇನೆ. ಹೋಬಳಿ ಮಟ್ಟದ ಪಂದ್ಯ ಹತ್ತಿರ ಬಂತು ಅಂತ ದಿನಾ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಅಭ್ಯಾಸ ಇಟ್ಟಿದ್ದಾರೆ. ಸಂಜೆಯದು ಹೇಗೋ ನಡೆಯುತ್ತೆ. ಆಟ ಮುಗಿಸಿ ಓಡಿಹೋಗಿ ಡೈರಿಗೆ ಹಾಲು ಹಾಕುತ್ತೇನೆ. ಎರಡು ಸಲ ಡೈರಿ ಬಾಗಿಲು ಹಾಕಿತ್ತು, ಅಮ್ಮನ ಕೈಲಿ ಚೆನ್ನಾಗಿ ಬೈಸಿಕೊಂಡೆ. ಕಷ್ಟ ಇರುವುದು ಭಾನುವಾರದ್ದು.

ನಮ್ಮಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಶನಿವಾರ ರಾತ್ರಿ ಕೊನೇ ಬಸ್ಸಿಗೆ ಬರುತ್ತಾರೆ. ಅಷ್ಟೊತ್ತಿಗೆ ನಾನು ಮಲಗಿರುತ್ತೇನೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಮತ್ತೆ ಹೊರಡುತ್ತಾರೆ. ಕಳೆದ ಸಲ ನಾನು ಬೆಳಿಗ್ಗೆ ಏಳಕ್ಕೇ ಶಾಲೆಗೆ ಬಂದೆ, ಅಪ್ಪ ಇನ್ನೂ ಎದ್ದಿರಲಿಲ್ಲ. ಬೇಗ ಬಿಡುತ್ತಾರೆ ಅಂದುಕೊಂಡಿದ್ದೆ. ಕಂಬ ಹಿಡಿದು ತಿರುಗುವುದನ್ನು ಮತ್ತೆ ಮತ್ತೆ ಮಾಡಿಸಿದರು. ಮನೆಗೆ ಬಂದಾಗ ಅಪ್ಪ ಹೊರಟುಹೋಗಿದ್ದರು. ನನಗೆ ಅಂತ ತಂದ ಕ್ಯಾನ್ವಾಸ್ ಶೂ ಹೊಸಿಲ ಹತ್ತಿರ ಇತ್ತು. ಒಂದು ನಂಬರ್ ಚಿಕ್ಕದು. ನಾನು ಮನೆಯಲ್ಲಿದ್ದಿದ್ದರೆ ಹಾಕಿ ನೋಡಿ ವಾಪಸ್ ಕೊಟ್ಟು ಕಳಿಸಬಹುದಿತ್ತು. ಈಗ ಅದು ಅಟ್ಟದ ಮೇಲಿದೆ.

ಹಾಗಂತ ಇಷ್ಟ ಬಂದಾಗ ಬರುತ್ತೇವೆ ಅಂತ ನಾನು ಹೇಳುವುದಿಲ್ಲ. ತಂಡಕ್ಕೆ 12 ಜನ ಇದ್ದರೂ ಅಂಗಳಕ್ಕೆ ಇಳಿಯುವುದು 9 ಜನ. ಅಟ್ಟಿಸಿಕೊಂಡು ಹೋಗುವವಳು ಒಬ್ಬಳು, ಸಾಲಿನಲ್ಲಿ ಕೂರುವವರು 8 ಜನ, ಒಬ್ಬಳು ಆ ಕಡೆ ಮುಖ ಮಾಡಿ, ಪಕ್ಕದವಳು ಈ ಕಡೆ. ನಡುವೆ ಜಾಗ ಖಾಲಿ ಬಿದ್ದರೆ ಖೋ ಯಾರಿಗೆ ಕೊಡುವುದು? ಒಬ್ಬಳು ಬರದಿದ್ದರೆ ಎಲ್ಲರ ಅಭ್ಯಾಸವೂ ಕೆಡುತ್ತೆ, ಇದು ನಿಜ. ಅದಕ್ಕೇ ಎಲ್ಲರೂ ಬರಲು ಆಗುವ ಹೊತ್ತು ಹುಡುಕಬೇಕು ಅನ್ನುತ್ತೇನೆ.

ಈಗ ಮೂರು ಸಲ ತಪ್ಪಿಸಿದರೆ ತಂಡದಿಂದ ತೆಗೆಯುತ್ತಾರೆ. ಹೀಗಾದರೆ ತಂಡದಲ್ಲಿ ಉಳಿಯುವವರು ಚೆನ್ನಾಗಿ ಓಡುವವರಲ್ಲ, ಮನೆಯಲ್ಲಿ ಕೆಲಸ ಕಡಿಮೆ ಇರುವವರು. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು ಈಗ ತಂಡದಲ್ಲೇ ಇಲ್ಲ. ಭಾನುವಾರ ಅವಳ ಅಮ್ಮ ಸಂತೆಗೆ ಸೊಪ್ಪು ಮಾರಲು ಹೋಗುತ್ತಾರೆ, ಚಿಕ್ಕ ತಮ್ಮನನ್ನು ಅವಳೇ ನೋಡಿಕೊಳ್ಳಬೇಕು. ಅವಳಿಗೆ ಆಟದ ಮೇಲೆ ಪ್ರೀತಿ ಇಲ್ಲ ಅಂತ ಯಾರಾದರೂ ಹೇಳಲಿ ನೋಡೋಣ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋದ ಮೊದಲ ವಿಶ್ವಕಪ್ ನಡೆದಾಗ ನಮ್ಮ ದೇಶದ ಹೆಣ್ಣುಮಕ್ಕಳು ನೇಪಾಳವನ್ನು ಸೋಲಿಸಿ ಗೆದ್ದರು. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಆ ತಂಡದಲ್ಲಿದ್ದರು. ಮೇಷ್ಟ್ರು ಅದನ್ನು ಹೇಳಿ "ನೀವೂ ಹಳ್ಳಿಯವರೇ ಕಣ್ರೇ" ಅಂದಿದ್ದರು. ಆವತ್ತಿನಿಂದ ನನಗೂ ಆಸೆ ಇದೆ. ಆಸೆ ಇಲ್ಲದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ.

ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಒಂದೂವರೆ ಗಂಟೆ ಅಭ್ಯಾಸ ಮಾಡಿಸಿದರೆ ಭಾನುವಾರದ್ದು ಬೇಕಾಗುವುದಿಲ್ಲ. ಆಟದ ಪೀರಿಯಡ್ಡಿನಲ್ಲಿ ಲೆಕ್ಕ ಮಾಡಿಸದಿದ್ದರೆ ಇನ್ನೂ ಒಳ್ಳೆಯದು (ಗಣಿತದ ಮೇಷ್ಟ್ರು ಕ್ಷಮಿಸಬೇಕು). ಪಂದ್ಯದ ಹಿಂದಿನ ಭಾನುವಾರ ಒಂದು ದಿನ ಬನ್ನಿ ಅಂದರೆ ಮನೆಯಲ್ಲಿ ಹೇಳಿ ಬರುತ್ತೇವೆ.

ಕೆಳಗೆ ಜಾಗ ಬಿಟ್ಟಿದ್ದೇನೆ. ಒಪ್ಪುವವರು ಹೆಸರು ಬರೆಯಿರಿ. ಒಪ್ಪದವರು ಕಾರಣ ಬರೆಯಿರಿ, ಸ್ಕೆಚ್ ಪೆನ್ನಿನಲ್ಲಿ ಗೀಚಬೇಡಿ.