ಕಟ್ಟಿದ ಮೇಲೆ ಕಾನೂನು ಹುಡುಕುವ ಪರಿಪಾಠ

ಚಿತ್ರದುರ್ಗ ಜಿಲ್ಲೆಯ ದೇವಸಮುದ್ರ ಸೀಮೆಗೆ ಹೋದವರಿಗೆ ಮೊದಲು ಕಾಣುವುದು ಬಂಡೆಗುಡ್ಡಗಳು. ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು; 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಅದು. ಸರ್ಕಾರಿ ಆಜ್ಞೆಯನ್ನು ಎಲ್ಲರ ಕಣ್ಣಿಗೆ ಬೀಳುವ ಬಂಡೆಯ ಮೇಲೆ ಬರೆಸುವ ಪದ್ಧತಿ ಆಗ ಇತ್ತು. ಈಗಿನ ಆಜ್ಞೆಗಳು ಕಡತದಲ್ಲಿರುತ್ತವೆ.

ಇಷ್ಟೆಲ್ಲ ಇದ್ದರೂ ಹಂಪಿಯ ಜನದಟ್ಟಣೆ ಇಲ್ಲಿಲ್ಲ. ಬಳ್ಳಾರಿ ಕಡೆಯ ವಾಹನಗಳು ರಾಂಪುರದ ಹೆದ್ದಾರಿಯಲ್ಲಿ ನಿಲ್ಲದೆ ಸಾಗುತ್ತವೆ. ಪ್ರವಾಸಿಗರು ಬರಲಿ, ರಾತ್ರಿ ತಂಗಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ನೇಕಾರನ ಮನೆಯಲ್ಲೇ ಕೊಳ್ಳಲಿ ಎಂದು ಊರಿನವರು ಬಯಸುವುದು ಸಹಜ. ಅದಕ್ಕೆ ವಸತಿ ಬೇಕು, ರೆಸಾರ್ಟುಗಳೂ ಬರಬಹುದು. ತಕರಾರು ಅವುಗಳ ಬಗ್ಗೆ ಅಲ್ಲ, ಅವು ಬರುವ ಕ್ರಮದ ಬಗ್ಗೆ.

ಆ ಕ್ರಮ ಹೇಗಿರುತ್ತದೆಂಬುದಕ್ಕೆ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರಗಡ್ಡೆಯೇ ಸಾಕ್ಷಿ. ಹಂಪಿಗೆ 1986ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು. 1988ರ ರಾಜ್ಯ ಸರ್ಕಾರದ ಅಧಿಸೂಚನೆಯಿಂದ ಗಡ್ಡೆಯೂ ಸಂರಕ್ಷಿತ ಪ್ರದೇಶಕ್ಕೆ ಸೇರಿತು. ಆದರೂ ಕೃಷಿ ಜಮೀನಿನಲ್ಲಿ ಗುಡಿಸಲು, ಹೋಟೆಲು, ರೆಸಾರ್ಟುಗಳು ಒಂದೊಂದಾಗಿ ತಲೆಯೆತ್ತಿದವು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂದ ಮೇಲೂ ಅವು ನಿಲ್ಲಲಿಲ್ಲ. ಹೈಕೋರ್ಟ್ 2015ರಲ್ಲಿ ತೆರವಿನ ಪರವಾಗಿ ತೀರ್ಪಿತ್ತಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಯಂತ್ರಗಳು ಬಂದವು. ಅಧಿಸೂಚನೆಗೂ ತೆರವಿಗೂ ನಡುವೆ ಮೂವತ್ತೆರಡು ವರ್ಷ. ಇಷ್ಟು ಕಾಲ ಕಾಣದ ಅಕ್ರಮ ಒಂದು ಬೆಳಿಗ್ಗೆ ಕಂಡಿತೆಂದು ನಂಬುವುದು ಕಷ್ಟ. ಅಷ್ಟರಲ್ಲಿ ಅಲ್ಲಿ ಅಡುಗೆ ಮಾಡುವವರು, ಕೋಣೆ ಗುಡಿಸುವವರು, ಪ್ರವಾಸಿಗರನ್ನು ಕರೆತರುವ ಆಟೊದವರು, ಎಷ್ಟೋ ಜನ ಅದೇ ವ್ಯವಹಾರವನ್ನು ಜೀವನೋಪಾಯವಾಗಿ ಮಾಡಿಕೊಂಡಿದ್ದರು. ಕಾನೂನು ತಡವಾಗಿ ಬಂದರೆ ಅದರ ದಂಡ ತೆರುವವರು ಮಾಲೀಕರಷ್ಟೇ ಅಲ್ಲ.

ಹಾಗೆಂದು ನಿಯಮಗಳ ಕೊರತೆಯಿಲ್ಲ. ಭೂಪರಿವರ್ತನೆಗೆ ಕಂದಾಯ ಇಲಾಖೆ, ಕಟ್ಟಡ ಮತ್ತು ವ್ಯಾಪಾರಕ್ಕೆ ಗ್ರಾಮ ಪಂಚಾಯಿತಿ, ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಕಿಗೆ ಅಗ್ನಿಶಾಮಕ ಇಲಾಖೆ, ಅಡುಗೆಮನೆಗೆ ಆಹಾರ ಸುರಕ್ಷತೆಯವರು. ಪ್ರತಿಯೊಬ್ಬರೂ ತಮ್ಮ ಕಾಗದವನ್ನಷ್ಟೇ ನೋಡುತ್ತಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಕ್ಷತ್ರ ಶ್ರೇಣಿಯೋ ಐಚ್ಛಿಕ. ಫಲಕದ ಮೇಲೆ ನಕ್ಷತ್ರಗಳಿಲ್ಲದಿದ್ದರೂ ಬಾಗಿಲು ತೆರೆಯಲು ಅಡ್ಡಿಯಿಲ್ಲ.

ಕಾಗದ ಕೈಸೇರಿದ ನಂತರ ಏನಾಗುತ್ತದೆ? 2024ರ ನವೆಂಬರ್ 17ರಂದು ಮಂಗಳೂರು ಸಮೀಪದ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಜೀವರಕ್ಷಕರಿರಲಿಲ್ಲ, ಆಳದ ಸೂಚನೆ ಇರಲಿಲ್ಲ ಎಂದು ಪೊಲೀಸರು ಆಗ ಹೇಳಿದ್ದರು. ಪರವಾನಗಿ ಅಮಾನತಾಯಿತು. ಅಮಾನತಾಗಲು ಅಲ್ಲೊಂದು ಪರವಾನಗಿ ಇತ್ತೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಕೊಳದ ಅಂಚಿಗೆ ಆಳದ ಅಂಕಿ ಬರೆಯಲು ಒಂದು ಡಬ್ಬಿ ಬಣ್ಣ ಸಾಕು. ಬರೆದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಲು ಒಬ್ಬ ಅಧಿಕಾರಿ ಬೇಕು, ಅವನು ನೋಡಿದ್ದಕ್ಕೆ ಸಹಿಯೂ ಬೇಕು. ಅವಘಡವಾದಾಗ ಆ ಸಹಿಯೂ ವಿಚಾರಣೆಗೆ ಒಳಗಾಗಬೇಕು.

ದೇವಸಮುದ್ರಕ್ಕೆ ಇದೆಲ್ಲ ದೂರದ ಮಾತೇನಲ್ಲ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಗುಡ್ಡದ ಬುಡದ ಒಣ ಜಮೀನು ರಾಜಧಾನಿಯ ಹಣವಂತರಿಗೆ ಅಗ್ಗವಾಗಿಯೇ ಕಾಣುತ್ತದೆ. ಮಳೆ ರಾಜ್ಯದಲ್ಲೇ ತೀರಾ ಕಡಿಮೆಯಿರುವ ಸೀಮೆಯಿದು. ಇಲ್ಲಿ ಈಜುಕೊಳವೆಂದರೆ ಪಕ್ಕದ ಶೇಂಗಾ ಹೊಲದವನ ಕೊಳವೆಬಾವಿಯೊಡನೆ ಪೈಪೋಟಿ. ಆದ್ದರಿಂದ ಎಷ್ಟು ಕೋಣೆ ಎಂಬುದಕ್ಕಿಂತ ಮೊದಲು ನೀರು ಎಲ್ಲಿಂದ ಎಂಬ ಪ್ರಶ್ನೆ ಅರ್ಜಿಯಲ್ಲಿರಬೇಕು. ಅದಕ್ಕೆ ಉತ್ತರ ಗ್ರಾಮಸಭೆಯಲ್ಲಿ ಓದಿಸಬೇಕು.

ಕೇಂದ್ರದ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ, ಅಲ್ಲಿಂದ ಮುಂದಿನ ಇನ್ನೂರು ಮೀಟರ್ ನಿಯಂತ್ರಿತ ಎಂದು 2010ರ ತಿದ್ದುಪಡಿ ಹೇಳುತ್ತದೆ. ಈ ಗೆರೆಗಳು ಯಾವ ಸರ್ವೆ ನಂಬರಿನ ಮೇಲೆ ಹಾಯುತ್ತವೆಂದು ಜಮೀನು ಮಾರುವ ರೈತನಿಗೂ ಕೊಳ್ಳುವವನಿಗೂ ತಿಳಿದಿರಬೇಕಲ್ಲವೆ? ತಾಲ್ಲೂಕು ಆಡಳಿತ ಮನಸ್ಸು ಮಾಡಿದರೆ ಶಾಸನಗಳಿರುವ ಊರುಗಳ ನಕ್ಷೆ ಬರೆಸಿ, ಮೊದಲ ಅರ್ಜಿ ಬರುವ ಮುನ್ನವೇ ಪಂಚಾಯಿತಿ ಕಚೇರಿಯ ಗೋಡೆಗೆ ತೂಗುಹಾಕಬಹುದು.